ಸಂಗೀತ ಕಲಿತರೆ ಮಕ್ಕಳು ಚೆನ್ನಾಗಿ ಆಲಿಸುತ್ತಾರೆಯೇ? 4ನೇ ತರಗತಿಗೆ ಏನು ಹೇಳಿಕೊಡಬೇಕು, ಎಷ್ಟು ಹೊತ್ತು?

ಪ್ರಶ್ನೆ: ಬನಹಟ್ಟಿ_ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆ, ರಬಕವಿ-ಬನಹಟ್ಟಿ ಭಾಗದ ಕನ್ನಡ ಶಾಲೆ, 4ನೇ ತರಗತಿ, 34 ಮಕ್ಕಳು. ಸುತ್ತಲೂ ಪವರ್‌ಲೂಮ್ ಮನೆಗಳು, ಮಗ್ಗದ ಸದ್ದು ದಿನವಿಡೀ ಇದ್ದದ್ದೇ. ಕೋಣೆಯ ಮೇಲೆ ತಗಡು.

ಉಕ್ತಲೇಖನ ಕೊಟ್ಟಾಗ ಗೊತ್ತಿರುವ ಪದಗಳೇ ತಪ್ಪುತ್ತವೆ. 'ಹತ್ತಿ' ಅಂದರೆ 'ಹತಿ', 'ಬಾಳೆ' ಅಂದರೆ 'ಬಳೆ', 'ಹುಳಿ' ಅಂದರೆ 'ಹುಲಿ'. ಹಲಗೆ ನೋಡಿ ಬರೆಯುವಾಗ ಇವೇ ಪದಗಳು ಸರಿ ಬರುತ್ತವೆ. 'ಪುಸ್ತಕ ತೆಗಿ, 22ನೇ ಪುಟ ಬಿಡಿಸು, ಎರಡನೇ ಪದ್ಯ ಓದು' ಎಂದು ಮೂರು ಮಾತು ಒಟ್ಟಿಗೆ ಹೇಳಿದರೆ ಅರ್ಧ ಮಕ್ಕಳಿಗೆ ಮೊದಲನೆಯದು ಮಾತ್ರ ಉಳಿಯುತ್ತದೆ. 3ನೇ ತರಗತಿವರೆಗೆ ನಲಿಕಲಿಯಲ್ಲಿ ಹಾಡು ಧಾರಾಳವಾಗಿತ್ತು, ಈಗ ಅದೂ ಕಡಿಮೆ.

ಸಂಗೀತಕ್ಕೆ ವಾರಕ್ಕೆ 40 ನಿಮಿಷದ 2 ಅವಧಿ ಸಿಗುತ್ತವೆ. ಒಂದು ಪೇಟಿ (ಹಾರ್ಮೋನಿಯಂ), ಒಂದು ಜೋಡಿ ತಬಲಾ, ಎಂಟು ಜೋಡಿ ತಾಳ ಇವೆ. ಸಂಗೀತ ಕಲಿತ ಮಕ್ಕಳ ಕಿವಿ ಚುರುಕಾಗುತ್ತದೆ ಎನ್ನುವುದು ಎಷ್ಟು ನಿಜ? ಹಾಡು ಒಳ್ಳೆಯದೋ ತಬಲಾ ಒಳ್ಳೆಯದೋ? ಸುಧಾರಣೆ ಆಗಿದೆ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ವಿಷಯ ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಕಿವಿಮಾತು_ಬೆಳಗಾವಿ (ಶ್ರವಣ ತಪಾಸಣೆ, ವಾಕ್ ಚಿಕಿತ್ಸೆ)

ಮೇಡಂ, ಸಂಗೀತ ಶುರು ಮಾಡುವ ಮೊದಲು ಈ ಮಕ್ಕಳ ಕಿವಿ ನೋಡಿಸಿ. ಕೇಳಿಸುವುದು ಬೇರೆ, ಆಲಿಸುವುದು ಬೇರೆ. ಸಂಗೀತ ತಿದ್ದುವುದು ಎರಡನೆಯದನ್ನು. ಕಿವಿಯೊಳಗೆ ಬಂದ ಶಬ್ದವನ್ನು ಮಿದುಳು ಎಷ್ಟು ಬಿಡಿಸಿ ತಿಳಿಯುತ್ತದೆ, ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂಬುದಷ್ಟೇ ಅಭ್ಯಾಸದಿಂದ ಬದಲಾಗುತ್ತದೆ. ಕಿವಿಗೇ ತೊಂದರೆ ಇದ್ದರೆ ಎಷ್ಟು ವರ್ಷ ಸಾ-ಪ ಹಾಡಿಸಿದರೂ ಅದು ಸರಿಹೋಗುವುದಿಲ್ಲ.

ಈ ವಯಸ್ಸಿನಲ್ಲಿ ಹೆಚ್ಚು ಕಾಣುವುದು ನೆಗಡಿಯ ನಂತರ ಕಿವಿಪರದೆಯ ಹಿಂದೆ ನೀರು ನಿಲ್ಲುವುದು. ನೋವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ, ಆದ್ದರಿಂದ ಮನೆಯವರ ಗಮನಕ್ಕೆ ಬರುವುದಿಲ್ಲ. ಆದರೆ 25-30 ಡೆಸಿಬೆಲ್‌ನಷ್ಟು ಕೇಳಿಕೆ ಕುಗ್ಗಿರುತ್ತದೆ. ಒಂದು ವಾರ ಚುರುಕಾಗಿದ್ದು ಮುಂದಿನ ವಾರ ಮಂಕಾಗುವ ಮಗು, ಪದೇಪದೇ 'ಹಾಂ?' ಎನ್ನುವ ಮಗು, ನಿಮ್ಮ ತುಟಿಯನ್ನೇ ನೋಡುವ ಮಗು, ಬಾಯಿ ತೆರೆದೇ ಉಸಿರಾಡುವ ಮಗು: ಇವರ ಹೆಸರು ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದಾಗ ಆ ಪಟ್ಟಿ ಕೈಗೆ ಕೊಡಿ, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕಳಿಸಿ. ಎರಡು ಪರೀಕ್ಷೆ ಕೇಳಿ ಮಾಡಿಸಬೇಕು. ಒಂದು 500, 1000, 2000, 4000 ಹರ್ಟ್ಸ್‌ನಲ್ಲಿ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ನೋಡುವುದು, ಇನ್ನೊಂದು ಪರದೆ ಎಷ್ಟು ಅಲುಗುತ್ತದೆ ಎಂದು ನೋಡುವ ಟಿಂಪನೋಮೆಟ್ರಿ. ಎರಡನೆಯದರ ಗೆರೆ ಗುಡ್ಡದಂತೆ ಏಳದೆ ಸಪಾಟಾಗಿ ಬಂದರೆ ನೀರಿದೆ ಎಂಬ ಅನುಮಾನ. ಬಹಳಷ್ಟು ಮಕ್ಕಳಲ್ಲಿ ಅದು ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ, ವೈದ್ಯರು ಅಲ್ಲಿಯವರೆಗೆ ಕಾಯ್ದು ನೋಡುವುದು ಅದಕ್ಕೇ. ಕಾಯಿಸಿದ ಎಣ್ಣೆ ಕಿವಿಗೆ ಬಿಡುವುದನ್ನು ಮಾತ್ರ ತಾಯಂದಿರ ಸಭೆಯಲ್ಲಿ ಹೇಳಿ ನಿಲ್ಲಿಸಿ. ಎಣ್ಣೆ ಪರದೆ ದಾಟಿ ಒಳಗೆ ಹೋಗುವುದಿಲ್ಲ, ಪರದೆಯಲ್ಲಿ ತೂತಿದ್ದರೆ ಮಾತ್ರ ಹೋಗುತ್ತದೆ, ಆಗ ಸೋಂಕು ಹೆಚ್ಚುವ ಅಪಾಯವಿದೆ.

ಇನ್ನು ನಿಮ್ಮ ಮೂರು ಉದಾಹರಣೆಗಳು. ಅವು ಒಂದೇ ಜಾತಿಯ ತಪ್ಪುಗಳಲ್ಲ. 'ಹತ್ತಿ'ಯ ಒತ್ತಕ್ಷರದಲ್ಲಿ ನಿಜವಾಗಿ ಇರುವುದು ಒಂದು ಮೌನ. ನಾಲಿಗೆ ಹಲ್ಲಿಗೆ ತಾಗಿ ಗಾಳಿ ತಡೆದು ನಿಲ್ಲುವ ಆ ಕ್ಷಣ 'ಹತಿ'ಗಿಂತ ಉದ್ದ, ವ್ಯತ್ಯಾಸ ಅಷ್ಟೇ. ಮಗ್ಗದ ಸದ್ದು ಆ ಮೌನದೊಳಗೆ ತುಂಬಿಕೊಳ್ಳುತ್ತದೆ. ತಗಡಿನಿಂದ, ಬರಿಗೋಡೆಯಿಂದ ತಿರುಗಿ ಬರುವ 'ಹ'ದ ಮಾರ್ದನಿಯೂ ತುಂಬಿಕೊಳ್ಳುತ್ತದೆ. ಮೌನ ಮುಚ್ಚಿಹೋದ ಮೇಲೆ ಮಗುವಿಗೆ 'ಹತಿ' ಎಂದೇ ಕೇಳಿಸೀತು. 'ಹುಲಿ-ಹುಳಿ' ಬೇರೆ ಕಥೆ. ಲ-ಳ ವ್ಯತ್ಯಾಸ ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲಿನ ಸೂಕ್ಷ್ಮ ದನಿಯಲ್ಲಿರುತ್ತದೆ. ಮನೆಯಲ್ಲಿ ಉರ್ದು ಆಡುವ ಮಕ್ಕಳಾದರೆ ಳ, ಣ ಅವರಿಗೆ ಹೊಸ ಧ್ವನಿಗಳು. ಅದನ್ನು ಕಿವಿಯ ದೋಷವೆಂದೂ ಗಮನವಿಲ್ಲವೆಂದೂ ಬರೆದುಕೊಳ್ಳಬೇಡಿ.

ಸದ್ದಿನ ಲೆಕ್ಕ ಹೀಗೆ: ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ ನಿಮ್ಮ ಮಾತು 62 ಇದ್ದರೆ ನಾಲ್ಕು ಮೀಟರಿನ ಮಗುವಿಗೆ ನೇರವಾಗಿ ಮುಟ್ಟುವುದು 50. ಮಕ್ಕಳಿಗೆ ಮಾತು ಸ್ಪಷ್ಟವಾಗಲು ಸುತ್ತಲಿನ ಸದ್ದಿಗಿಂತ ಮಾತು 15 ಡೆಸಿಬೆಲ್ ಮೇಲಿರಬೇಕು. ದೊಡ್ಡವರಿಗೆ ಇಷ್ಟು ಬೇಡ, ನಮಗೆ ಪದ ಅರ್ಧ ಕೇಳಿದರೂ ಉಳಿದರ್ಧ ಊಹೆಗೆ ಸಿಗುತ್ತದೆ. ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವ ಶಕ್ತಿ ಮಕ್ಕಳಲ್ಲಿ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಉಕ್ತಲೇಖನವನ್ನು ಮೇಜಿನ ಬಳಿ ನಿಂತು ಕೊಡಬೇಡಿ, ಕೋಣೆಯ ನಡುವೆ ನಿಂತು ಕೊಡಿ. ಮಗ್ಗದ ಕಡೆಯ ಕಿಟಕಿ ಆ ಹತ್ತು ನಿಮಿಷ ಮುಚ್ಚಿ. ಹಿಂದಿನ ಗೋಡೆಗೆ ಒಂದು ಹಳೆಯ ಜಮಖಾನೆ ಇಳಿಬಿಡಿ, ನೆಲಕ್ಕೆ ಚಾಪೆ ಹಾಸಿ. ಮಾರ್ದನಿ ಕೂಡಲೇ ತಗ್ಗುತ್ತದೆ. ಸಂಗೀತದ ಫಲ ಬರಲು ವರ್ಷಗಳು ಬೇಕು, ಜಮಖಾನೆಯ ಫಲ ನಾಳೆಯೇ.

ಉತ್ತರ 2: ಖರ್ಜ_ವಿಜಯಪುರ (ಗಾಯನ ಹೇಳಿಕೊಡೂದು)

ಅಕ್ಕಾರ, ನಮಸ್ಕಾರ್ರೀ. ಮೊದಲ ಪೇಟಿ ಬಾಜೂಕ ಇಡ್ರಿ. ಪೇಟಿ ಜೋಡಿ ಹಾಡಿದ್ರ ಕೇಳೂದಕ್ಕ ಚಲೋ ಅನಸ್ತೈತಿ, ಖರೆ ಹುಡುಗರ ಕಿವಿಗೆ ಕೆಲಸಾನೇ ಉಳಿಯೂದಿಲ್ಲ. ಅದರ ದೊಡ್ಡ ದನ್ಯಾಗ ತಮ್ಮ ದನಿ ತಮಗ ಕೇಳಸೂದಿಲ್ಲ, ತಪ್ಪಿದ್ದು ಗೊತ್ತಾಗೂದಿಲ್ಲ. ಇನ್ನ ಕೆಲವ್ರು ನಿಮ್ಮ ಬಟ್ಟು ಯಾವ ಪಟ್ಟಿ ಮ್ಯಾಲ ಹೋತು ಅಂತ ಕಣ್ಣಿಲೆ ನೋಡಿ ಹಾಡ್ತಾರ. ಮತ್ತೊಂದು, ಪೇಟಿ ಗಾಂಧಾರ ತಂಬೂರಿಯಿಂದ ಹುಟ್ಟೂ ಗಾಂಧಾರಕ್ಕಿಂತ ಚೂರು ಏರಿರ್ತೈತಿ. ಒಂದು ಪಟ್ಟಿಯಿಂದ ಅದರ ಬಾಜೂಕಿನ ಪಟ್ಟಿಗೆ 100 ಭಾಗ ಅಂತ ಹಿಡಿದ್ರ ಸುಮಾರು 14 ಭಾಗ ಏರು. ಪೇಟಿ ಹಾಡಿನ ಹೊತ್ತಿಗೆ ತಗೀರಿ, ಸ್ವರಾಭ್ಯಾಸಕ್ಕ ತಂಬೂರಿ.

ಮೀರಜದ ತಂಬೂರಿಗೆ 2024ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕೈತಿ, ನಮ್ಮ ಕಡೆಯವ್ರಿಗೆ ಮೀರಜ ದೂರೂ ಅಲ್ಲ. ಆದ್ರ ಸಾಲಿಗೆ ಸದ್ಯ ಫೋನಿನ್ಯಾಗಿನ ತಂಬೂರಿ ಸಾಕು. ಫೋನಿನ ಸಣ್ಣ ಸ್ಪೀಕರಿನ್ಯಾಗ ಖರ್ಜ, ಅಂದ್ರ ಕೆಳಗಿನ ಸಾ, ಕೇಳಸೂದಿಲ್ಲ, ಅದಕ್ಕ ಒಂದು ಬ್ಲೂಟೂತ್ ಸ್ಪೀಕರ್ ಹಚ್ರಿ. ದನಿ ಎಷ್ಟಿರಬೇಕಂದ್ರ ಹುಡುಗ್ರು ಸುಮ್ಮನಾದ ಕೂಡ್ಲೆ ಕೇಳಿಸಬೇಕು, ಹಾಡಾಕ ಹತ್ತಿದ್ರ ಹಿಂದ ಸರೀಬೇಕು.

ಸಾ ಎಲ್ಲಿ ಇಡಬೇಕು ಅನ್ನೂದರಾಗ ಭಾಳ ಮಂದಿ ತಪ್ಪತಾರ. 9-10 ವರ್ಷದವ್ರಿಗೆ ಪೇಟಿ ನಡು ಸಪ್ತಕದ ಬಿಳಿ 1 (ಮೊದಲನೇ ಬಿಳಿ ಪಟ್ಟಿ) ಇಲ್ಲಾ ಕಪ್ಪು 1 (ಮೊದಲನೇ ಕಪ್ಪು ಪಟ್ಟಿ) ಹಿಡೀರಿ, ಸಾದಿಂದ ಧ ತನಕ ಸರಾಗ ಬರ್ತೈತಿ. ಮೊದಲ ಮೂರು ತಿಂಗಳ ಅದರ ಮ್ಯಾಲ ಹೋಗಬ್ಯಾಡ್ರಿ. ಗಂಡಸು ಮಾಸ್ತರು ತಮ್ಮ ದನಿಗೆ ಹಾಡಿ ತೋರಿಸಿದ್ರ ಅದು ಹುಡುಗರ ದನಿಗಿಂತ ಒಂದು ಸಪ್ತಕ ಕೆಳಗ ಇರ್ತೈತಿ. ಕೆಲವ್ರು ಮ್ಯಾಲಿನ ಸಪ್ತಕ ಹುಡುಕಿ ಸರಿ ಹಿಡೀತಾರ, ಉಳಿದವ್ರು ಕೆಳಗ ಇಳೀಲಿಕ್ಕೆ ಹೋಗಿ ಗುಂಯ್ ಅಂತಾರ. ಅಂಥವ್ರಿಗೆ 'ಸ್ವರಜ್ಞಾನ ಇಲ್ಲ' ಅಂತ ಹೇಳಿ ಹಿಂದ ಕುಂದ್ರಸೂದು ದೊಡ್ಡ ಅನ್ಯಾಯ. ನಿಮ್ಮದು ಹೆಣ್ಣ ದನಿ, ಅದು ಅನುಕೂಲ ಆತು. ಚಲೋ ಹಾಡೂ ಒಂದು ಹುಡುಗಿ ಕಡೆಯಿಂದ ಹಾಡಿಸಿದ್ರ ಇನ್ನೂ ಲಗೂನ ಹಿಡೀತಾರ.

40 ನಿಮಿಷ ಹಿಂಗ ನಡಸ್ರಿ. ಮೊದಲ ಮೂರು ನಿಮಿಷ ಕಣ್ಣು ಮುಚ್ಚಿ ಸುಮ್ಮನ ಕುಂದ್ರಸ್ರಿ. ಏನೇನು ಕೇಳಿಸ್ತು, ಹತ್ರದ್ದು ಯಾವದು, ದೂರದ್ದು ಯಾವದು ಹೇಳಬೇಕು. ಮಗ್ಗದ ಸದ್ದು ಎಲ್ಲಾರೂ ಹೇಳ್ತಾರ, ಅದರ ಹಿಂದಿನದು ಏನು ಕೇಳಿಸ್ತು ಅಂತ ಕೇಳ್ರಿ. ಆಮ್ಯಾಲ ಏಳು ನಿಮಿಷ ಬಾಯಿ ಮುಚ್ಚಿ 'ಮ್' ಅಂತ ಸಾ. ಬಾಯಿ ಮುಚ್ಚಿದ್ರ ಒದರಾಕ ಬರೂದಿಲ್ಲ, ಹಂಗಾಗಿ ತಂಬೂರಿ ಕೇಳ್ತಾರ. ಒಂದು ಕೈ ಕಿವಿ ಹಿಂದ ಹಿಡಿದ್ರ ತಮ್ಮ ದನಿ ತಮಗ ಕೇಳಸ್ತೈತಿ.

ಮುಂದಿನ ಹನ್ನೆರಡು ನಿಮಿಷ ಖರೇ ಅಭ್ಯಾಸ. ನೀವು ಬಾಯಿ ಮುಂದ ಪುಸ್ತಕ ಹಿಡಕೊಂಡು ಎರಡು ಸ್ವರ ಹಾಡ್ರಿ: ಸಾ ಪ. ಎರಡು ಮಾತ್ರೆ, ಅಂದ್ರ ತಾಳದ ಎರಡು ಎಣಿಕೆ ಹೊತ್ತು, ಸುಮ್ಮನ. ಆಮ್ಯಾಲ ಅವ್ರು ಹಾಡಬೇಕು. ಆ ಎರಡು ಮಾತ್ರೆ ಬಿಡಬ್ಯಾಡ್ರಿ, ಕೇಳಿದ್ದನ್ನ ತಲ್ಯಾಗ ಹಿಡಿದಿಡೂದು ಅಲ್ಲೇ. ನೀವು ಹೇಳಿದ ಮೂರು ಮಾತು ಉಳೀದಿರೂ ತೊಂದರೆಗೂ ಇದೇ ಅಭ್ಯಾಸ. ಎರಡು ಸ್ವರ ಹತ್ತರಾಗ ಎಂಟು ಸರ್ತಿ ಸರಿ ಬಂದ್ರ ಮೂರು ಮಾಡ್ರಿ: ಸಾ ರೆ ಗ, ಸಾ ಗ ಪ. ಆಮ್ಯಾಲ ನಾಕು. ಭೂಪ ರಾಗದ ಐದು ಸ್ವರ ಸಾ ರೆ ಗ ಪ ಧ ಇಡೀ ವರ್ಷಕ್ಕ ಸಾಕು. ಎಲ್ಲಾರೂ ಕೂಡಿ ಹಾಡಿದ್ರ ಹತ್ತು ಹುಡುಗ್ರು ಹಾಡ್ತಾರ, ಇಪ್ಪತ್ನಾಕು ಹುಡುಗ್ರು ಬಾಜೂಕಿನವನ ಬೆನ್ನು ಹತ್ತತಾರ. ಅದಕ್ಕ ನಾಕು ನಾಕು ಮಂದಿ ಹಾಡ್ಲಿ, ಉಳಿದವ್ರು ಸರಿ ಅಂದ್ರ ಬಟ್ಟು ಮ್ಯಾಲ, ತಪ್ಪು ಅಂದ್ರ ಕೆಳಗ ಮಾಡ್ಲಿ. ಹಿಂಗ ಮಾಡಿದ್ರ ಹಾಡದ ಹುಡುಗನ ಕಿವೀನೂ ದುಡೀತೈತಿ.

ಆಮ್ಯಾಲ ಎಂಟು ನಿಮಿಷ 'ಅದೇ-ಬ್ಯಾರೆ'. ಎರಡು ತುಣುಕು ಹಾಡ್ರಿ, ಎರಡನೇದರಾಗ ಒಂದು ಸ್ವರ ಬದಲ ಮಾಡ್ರಿ ಇಲ್ಲಾ ಬದಲ ಮಾಡಬ್ಯಾಡ್ರಿ. ಕಣ್ಣು ಮುಚ್ಚೇ ಉತ್ತರ ಕೊಡಬೇಕು, ಇಲ್ಲಂದ್ರ ಜಾಣ ಹುಡುಗನ ಕೈ ನೋಡಿ ಎಲ್ಲಾರ ಕೈ ಏಳ್ತಾವು. ಕಡೀ ಹತ್ತು ನಿಮಿಷ ಹಾಡು, ಆಗ ಬೇಕಾದ್ರ ಪೇಟಿ ತಗೀರಿ. ಈ ಹತ್ತು ನಿಮಿಷ ಕಳೀಬ್ಯಾಡ್ರಿ, ಹುಡುಗ್ರು ಮುಂದಿನ ವಾರ ಖುಷೀಲೆ ಬರೂದು ಅದಕ್ಕ.

ಉತ್ತರ 3: ಖಾಲಿ_ಭರಿ

ಹಾಡೋ ತಬಲಾವೋ ಎಂದು ಕೇಳಿದ್ದೀರಿ. ನಿಮ್ಮ ತಪ್ಪುಗಳ ಪಟ್ಟಿ ನೋಡಿದರೆ ಲಯದ ಕೆಲಸ ಹಾಡಿನಷ್ಟೇ ಬೇಕು. ಛಂದಸ್ಸಿನ ಲೆಕ್ಕ ಹಾಕಿ: 'ಬಳೆ' ಎರಡು ಲಘು, 2 ಮಾತ್ರೆ. 'ಬಾಳೆ' ಒಂದು ಗುರು ಒಂದು ಲಘು, 3 ಮಾತ್ರೆ. 'ಹತಿ' 2, 'ಹತ್ತಿ' 3, ಯಾಕೆಂದರೆ ಒತ್ತಕ್ಷರದ ಹಿಂದಿನ ಅಕ್ಷರ ಗುರು. ಅಂದರೆ ದೀರ್ಘ ಬಿಡುವುದು, ಒತ್ತು ಬಿಡುವುದು ಎರಡೂ ಕಿವಿಯ ಪಾಲಿಗೆ ಒಂದೇ ತಪ್ಪು: ಮೂರು ಮಾತ್ರೆಯನ್ನು ಎರಡಾಗಿ ಕೇಳುವುದು. 'ಹುಲಿ-ಹುಳಿ' ಎರಡೂ 2 ಮಾತ್ರೆ, ಅದಕ್ಕೆ ಲಯದಿಂದ ಉಪಯೋಗವಿಲ್ಲ.

ದಾದ್ರಾ ತಾಳ ಹಿಡಿಯಿರಿ, 6 ಮಾತ್ರೆ: ಧಾ ಧಿಂ ನಾ | ಧಾ ತಿಂ ನಾ. ನಿಮಿಷಕ್ಕೆ 60 ಮಾತ್ರೆಯ ವೇಗ, ಗಡಿಯಾರದ ಸೆಕೆಂಡ್ ಮುಳ್ಳಿನಷ್ಟು. ಒಂದು ಆವರ್ತನದಲ್ಲಿ (ತಾಳದ ಒಂದು ಸುತ್ತಿನಲ್ಲಿ) 'ಬಾಳೆ' ಎರಡು ಸಲ ಕೂರುತ್ತದೆ, 'ಬಳೆ' ಮೂರು ಸಲ. ಅರ್ಧ ತರಗತಿ ಬಾಳೆ ಹೇಳಲಿ, ಅರ್ಧ ಬಳೆ ಹೇಳಲಿ, ಇಬ್ಬರೂ ಸಮ್ಮಿಗೆ (ಸುತ್ತಿನ ಮೊದಲ ಮಾತ್ರೆಗೆ) ಕೂಡಬೇಕು. ಹತ್ತಿ-ಬಾಳೆ, ಬಳೆ-ಮನೆ-ತಲೆ ಹೀಗೆ ಪದ ಬದಲಿಸುತ್ತ ಹೋಗಿ. ಆಮೇಲೆ ಆಟ ತಿರುಗಿಸಿ: ನೀವು ಪದ ಹೇಳಿ, ಅದು 2ರ ಪದವೋ 3ರ ಪದವೋ ಎಂದು ಅವರು ಬೆರಳು ತೋರಿಸಲಿ. ಉಕ್ತಲೇಖನದಲ್ಲಿ ತಪ್ಪಿದ ಪದವನ್ನು ಹತ್ತು ಸಲ ಬರೆಸುವುದರಿಂದ ಕಿವಿಗೆ ಏನೂ ಹೋಗುವುದಿಲ್ಲ. ಚಪ್ಪಾಳೆಯಲ್ಲಿ ಮಾತ್ರೆ ಎಣಿಸಿ ಮತ್ತೆ ಒಮ್ಮೆ ಬರೆಸಿ, ಸಾಕು.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಮಕ್ಕಳ ಲಯ ಓಡುತ್ತದೆ. ಎಂಟು ಆವರ್ತನದಲ್ಲಿ 60 ಇದ್ದದ್ದು 90 ಆಗಿರುತ್ತದೆ, ಓಡಿದಾಗ ದೀರ್ಘಗಳೆಲ್ಲ ಹ್ರಸ್ವವಾಗುತ್ತವೆ, ಅಂದರೆ ಬೇಡದ್ದನ್ನೇ ಅಭ್ಯಾಸ ಮಾಡಿಸಿದಂತೆ. ನಾಲ್ಕು ಆವರ್ತನಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ. ಎರಡು, ಸದ್ದು. ತಗಡಿನ ಕೋಣೆಯಲ್ಲಿ ಎಂಟು ಜೋಡಿ ತಾಳ ಒಟ್ಟಿಗೆ ಬಡಿದರೆ ಅದು ಆಲಿಸುವ ಪಾಠವಲ್ಲ, ಕಿವಿಗೆ ಪೆಟ್ಟು. 85 ಡೆಸಿಬೆಲ್‌ನಲ್ಲಿ 8 ಗಂಟೆ ತಾಳಿಕೊಳ್ಳಬಹುದೆಂದು ಕೆಲಸಗಾರರಿಗೆ ಹಾಕಿದ ಮಿತಿಯಿದೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಬರೀ 15 ನಿಮಿಷ. ಮಕ್ಕಳನ್ನು ಆ ಗಡಿಯ ಹತ್ತಿರಕ್ಕೂ ತರಬಾರದು. ತಾಳ ಒಂದೇ ಜೋಡಿ ಇರಲಿ, ಉಳಿದವರು ಎರಡು ಬೆರಳಿನಿಂದ ಅಂಗೈ ಮೇಲೆ ತಟ್ಟಲಿ.

ತಬಲಾ ಇದೆಯಲ್ಲ, ಅದರಿಂದ ಒಂದು ಅಪ್ಪಟ ಆಲಿಸುವ ಆಟವಿದೆ. ತೀನತಾಲ ನುಡಿಸಿ ಅಥವಾ ಫೋನಿನಲ್ಲಿ ಹಾಕಿ: ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ. ಕಣ್ಣು ಮುಚ್ಚಿ, ಡಗ್ಗಾದ (ಎಡಗೈಯಲ್ಲಿ ನುಡಿಸುವ ದೊಡ್ಡ ತಬಲಾದ) ಗುಂಕಾರ ಮಾಯವಾದ ಕೂಡಲೇ ಕೈ ಎತ್ತಬೇಕು, ಮರಳಿ ಬಂದಾಗ ಇಳಿಸಬೇಕು. ತಾಳ ಹಾಕುವಾಗ 'ಖಾಲಿ' (ತಟ್ಟದೆ ಕೈ ಬೀಸುವ ಜಾಗ) ತೋರಿಸುವುದು 9ನೇ ಮಾತ್ರೆಗೆ, ಆದರೆ ಅಲ್ಲಿ ಇನ್ನೂ 'ಧಾ' ಇದೆ. ಡಗ್ಗಾ ನಿಜಕ್ಕೂ ಇಲ್ಲದ್ದು 10ರಿಂದ 13ರವರೆಗೆ, ಮರಳುವುದು 14ಕ್ಕೆ. 9ಕ್ಕೇ ಕೈ ಎತ್ತಿದ ಮಗು ಎಣಿಸುತ್ತಿದೆ, ಕೇಳುತ್ತಿಲ್ಲ. 10ಕ್ಕೆ ಎತ್ತಿದ ಮಗು ಕೇಳುತ್ತಿದೆ. ತಿಂ-ಧಿಂ, ತಾ-ಧಾ ಬೇರ್ಪಡಿಸುವ ಈ ಕಿವಿಯೇ ನಮ್ಮ ತ-ಧ, ಪ-ಬ ಬೇರ್ಪಡಿಸಲೂ ಬೇಕು. ಅಂದಹಾಗೆ ಫೋನಿನ ಸ್ಪೀಕರಿನಲ್ಲಿ ಡಗ್ಗಾ ಕೇಳಿಸುವುದೇ ಇಲ್ಲ, ಈ ಆಟಕ್ಕೂ ದೊಡ್ಡ ಸ್ಪೀಕರ್ ಬೇಕೇ ಬೇಕು.

ಉತ್ತರ 4: ಓದುಗ_ಗೋಕಾಕ

ಇದರ ಬಗ್ಗೆ ನಡೆದ ಅಧ್ಯಯನಗಳಲ್ಲಿ ನಿಮ್ಮ ಪರಿಸ್ಥಿತಿಗೆ ಹತ್ತಿರದ್ದು ಅಮೆರಿಕದ ಲಾಸ್ ಏಂಜಲೀಸ್‌ನ ಬಡ ಬಡಾವಣೆಗಳ ಮಕ್ಕಳದು. ಹಾರ್ಮನಿ ಪ್ರಾಜೆಕ್ಟ್ ಎಂಬ ಉಚಿತ ಸಂಗೀತ ತರಗತಿಗೆ ಹೋಗುತ್ತಿದ್ದ ಪ್ರಾಥಮಿಕ ಶಾಲೆಯ ಮಕ್ಕಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಅವರ ತಂಡ ಪರೀಕ್ಷಿಸಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 'ಬಾ', 'ಗಾ'ದಂತಹ ಹತ್ತಿರದ ಧ್ವನಿಗಳನ್ನು ಮಿದುಳು ಬೇರ್ಪಡಿಸುವ ರೀತಿ ಒಂದು ವರ್ಷಕ್ಕೆ ಬದಲಾಗಲಿಲ್ಲ, ಎರಡು ವರ್ಷಕ್ಕೆ ಬದಲಾಯಿತು. 2015ರಲ್ಲಿ ಅದೇ ಯೋಜನೆಯ ಮಕ್ಕಳಲ್ಲಿ ಗದ್ದಲದ ನಡುವೆ ಮಾತು ಹಿಡಿಯುವ ಶಕ್ತಿಯೂ ಎರಡು ವರ್ಷದ ನಂತರ ಉತ್ತಮವಾದದ್ದು ಕಂಡಿತು. ಸಂಗೀತ ಕೇಳಿ ಅದರ ಬಗ್ಗೆ ತಿಳಿಯುವ ತರಗತಿಗಿಂತ ಕೈಯಾರೆ ವಾದ್ಯ ನುಡಿಸುವ ತರಗತಿಯ ಮಕ್ಕಳಲ್ಲಿ ಬದಲಾವಣೆ ಹೆಚ್ಚಿತ್ತು. ಸುಮ್ಮನೆ ಕೇಳಿಸಿಕೊಂಡರೆ ಬರುವುದಿಲ್ಲ, ಮಾಡಿದರೆ ಬರುತ್ತದೆ.

ಬೀಜಿಂಗ್‌ನಲ್ಲಿ 4-5 ವರ್ಷದ 74 ಮಕ್ಕಳ ಮೇಲೆ ನಡೆದು 2018ರಲ್ಲಿ ಬಂದ ಅಧ್ಯಯನದಲ್ಲಿ ವಾರಕ್ಕೆ ಮೂರು ಸಲ 45 ನಿಮಿಷ ಪಿಯಾನೊ ಕಲಿತವರು ಆರು ತಿಂಗಳಲ್ಲಿ ವ್ಯಂಜನದ ವ್ಯತ್ಯಾಸ ಹಿಡಿಯುವುದರಲ್ಲಿ ಮುಂದಿದ್ದರು. ಅಲ್ಲಿ ವಾರಕ್ಕೆ 135 ನಿಮಿಷ, ನಿಮ್ಮಲ್ಲಿ 80. ಆ ವ್ಯತ್ಯಾಸ ನೆನಪಿರಲಿ. ನನ್ನ ಸಲಹೆ: ಎರಡು ದೊಡ್ಡ ಅವಧಿಯ ಜೊತೆಗೆ ಉಳಿದ ನಾಲ್ಕು ದಿನ ಪ್ರಾರ್ಥನೆ ಮುಗಿದ ಕೂಡಲೇ ಎಂಟು ನಿಮಿಷ ಸೇರಿಸಿ. 112 ನಿಮಿಷ ಆಗುತ್ತದೆ, ಮರೆವಿಗೆ ಎಡೆಯೂ ಇರುವುದಿಲ್ಲ.

ಪಾಲಕರ ಸಭೆಯಲ್ಲಿ ಅತಿಯಾಗಿ ಹೇಳಬೇಡಿ. ಸಂಗೀತ ಕಲಿತರೆ ಗಣಿತದ ಅಂಕ ಏರುತ್ತದೆ, ಬುದ್ಧಿ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರ ತೆಳು. 2004ರಲ್ಲಿ ಕೆನಡಾದಲ್ಲಿ 6 ವರ್ಷದ 144 ಮಕ್ಕಳ ಅಧ್ಯಯನ 36 ವಾರದ ಪಾಠದಿಂದ ಬುದ್ಧಿಮಾಪನದಲ್ಲಿ ಮೂರು ಅಂಕಕ್ಕೂ ಕಡಿಮೆ ವ್ಯತ್ಯಾಸ ತೋರಿಸಿತ್ತು. 2020ರಲ್ಲಿ 54 ಅಧ್ಯಯನ, ಹತ್ತಿರ ಹತ್ತಿರ 7000 ಮಕ್ಕಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ಹೋಲಿಕೆಗೆ ಬೇರೆ ಚಟುವಟಿಕೆ ಕಲಿತ ಮಕ್ಕಳಿದ್ದ ಕಡೆ ಅಂಕ-ಬುದ್ಧಿಯ ಲಾಭ ಸೊನ್ನೆಗೆ ಬಂತು. 'ಮೊಜಾರ್ಟ್ ಕೇಳಿಸಿದರೆ ಮಗು ಜಾಣ' ಎನ್ನುವುದಂತೂ 1993ರ ಒಂದು ಪ್ರಯೋಗದಿಂದ ಹುಟ್ಟಿದ್ದು. ಅದರಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಉಳಿದದ್ದು ಹತ್ತು-ಹದಿನೈದು ನಿಮಿಷ. ಕೂಸಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸುವವರಿಗೆ ಇದನ್ನು ಹೇಳಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಸಾಧನಗಳಿಗೆ ಇಟ್ಟ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ ಮಾತ್ರ.

ಗದ್ದಲದಲ್ಲಿ ಮಾತು ಹಿಡಿಯುವ ವಿಷಯದಲ್ಲೂ ದೊಡ್ಡವರ ಮೇಲಿನ ಅಧ್ಯಯನಗಳು ಒಂದಕ್ಕೊಂದು ಒಪ್ಪುವುದಿಲ್ಲ. ಸಂಗೀತಗಾರರು ಮುಂದು ಎಂದವೂ ಇವೆ, ಯಾವ ವ್ಯತ್ಯಾಸವೂ ಇಲ್ಲ ಎಂದವೂ ಇವೆ. ಆದ್ದರಿಂದ ಪಾಲಕರಿಗೆ 'ಧ್ವನಿ ಬೇರ್ಪಡಿಸುವುದು, ನೆನಪಿಡುವುದು, ತಾಳಕ್ಕೆ ಕೂಡುವುದು ಕಲಿಸುತ್ತೇವೆ' ಎಂದಷ್ಟೇ ಹೇಳಿ. ಅದು ಸಣ್ಣ ಮಾತಲ್ಲ.

ಬನಹಟ್ಟಿ_ಶಿಕ್ಷಕಿ

ಎಲ್ಲರಿಗೂ ತುಂಬ ಧನ್ಯವಾದ. ಮಾತ್ರೆಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಸಂಶಯ. ನಮ್ಮ ಭಾಗದ ಗೀಗೀ ಪದ, ಡೊಳ್ಳಿನ ಪದ ಮಕ್ಕಳಿಗೆ ಪ್ರೀತಿ. ಭೂಪಕ್ಕಿಂತ ಅದರಿಂದ ಶುರು ಮಾಡಬಹುದೇ? ಮತ್ತು ಸುಧಾರಣೆ ಅಳೆಯುವ ಬಗ್ಗೆ ಯಾರಾದರೂ ಹಂತ ಹಂತವಾಗಿ ತಿಳಿಸಿ.

ಖರ್ಜ_ವಿಜಯಪುರ

ಧಾರಾಳ ಮಾಡ್ರಿ ಅಕ್ಕಾರ. ಗೀಗೀ ಪದದಾಗ ಮುಂದಿನವ ನುಡಿ ಎತ್ತತಾನ, ಹಿಂದಿನವ್ರು 'ಗೀಯ ಗೀಯ' ಅಂತ ಸೂರು ಹಿಡೀತಾರ, ತುಂತುಣಿ ಶ್ರುತಿ ಕೊಡ್ತೈತಿ, ದಪ್ಪು ಲಯ ಕೊಡ್ತೈತಿ. ನುಡಿ ಎಲ್ಲಿ ಮುಗೀತು ಅಂತ ಕಿವಿಗೊಟ್ಟು ಕೇಳದವ ಸೂರು ಸರಿಯಾಗಿ ಹಿಡೀಲಿಕ್ಕೆ ಆಗೂದೇ ಇಲ್ಲ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳ ಹಾಡೂ ಹರದೇಶಿ-ನಾಗೇಶಿ ವಾದದಾಗಂತೂ ಎದುರಿನವ್ರ ಸವಾಲು ಪೂರಾ ತಲ್ಯಾಗ ಇಟ್ಕೊಂಡೇ ಉತ್ತರ ಹಾಡಬೇಕು. ಅದನ್ನ ಸಣ್ಣದು ಮಾಡ್ರಿ: ಒಂದು ಗುಂಪು ಅದೇ ಧಾಟಿಯಾಗ ಮೂರು ವಸ್ತುವಿನ ಹೆಸರು ಹಾಡ್ಲಿ, ಎದುರಿನ ಗುಂಪು ಅವೇ ಮೂರನ್ನ ಅದೇ ಕ್ರಮದಾಗ ಹಾಡಿ ತನ್ನದು ಒಂದು ಸೇರಿಸ್ಲಿ. ನಾಕು, ಐದು, ಆರು ತನಕ ಏರ್ತೈತಿ. ಒಂದು ಎಚ್ಚರಿಕೆ, ಈ ಪದಗಳನ್ನ ದೊಡ್ಡವ್ರು ಏರು ದನೀಲೆ ಹಾಡ್ತಾರ, ಹುಡುಗ್ರು ಅದನ್ನ ನೋಡಿ ಗಂಟಲು ಹರಕೊಂತಾರ. ಸಾ ಕಪ್ಪು 1 ಬಿಟ್ಟು ಏರಿಸಬ್ಯಾಡ್ರಿ.

ಒಬ್ಬಿಬ್ಬರ ಸ್ವರ ತಿಂಗಳಾದ್ರೂ ಕೂಡದಿದ್ರ ಹಿಂಗ ಮಾಡ್ರಿ: ನಿಮ್ಮ ಸ್ವರಕ್ಕ ಅವ ಬರೂದು ಬ್ಯಾಡ, ಅವನ ಸ್ವರಕ್ಕ ನೀವು ಹೋಗ್ರಿ. ಅವ 'ಆ' ಅಂದಲ್ಲೆ ನೀವೂ 'ಆ' ಅನ್ರಿ, ಎರಡು ದನಿ ಕೂಡಿದ್ದು ಅವಗ ಗೊತ್ತಾಗ್ಲಿ. ಅಲ್ಲಿಂದ ಅರ್ಧ ಪಟ್ಟಿ ಏರಸ್ರಿ, ಮತ್ತ ಕೂಡಿದ್ಯೋ ಇಲ್ಲೋ ಅವನೇ ಹೇಳ್ಲಿ. ಕೂಡಿದಾಗ ಹೆಂಗ ಕೇಳಸ್ತೈತಿ ಅನ್ನೂದೇ ಗೊತ್ತಿರದ ಹುಡುಗ ಕೂಡಸೂದಾದ್ರೂ ಹೆಂಗ?

ಕಿವಿಮಾತು_ಬೆಳಗಾವಿ

ಅಳೆಯುವ ಬಗ್ಗೆ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ, ಮರುವರ್ಷವೂ ಹಾಗೆಯೇ. 20 ಪದಗಳ ನಾಲ್ಕು ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲಿ ದೀರ್ಘದ 5 (ಬಲ-ಬಾಲ, ಮರ-ಮಾರ, ಕಡು-ಕಾಡು ಇಂಥವು), ಒತ್ತಿನ 5, ಲ-ಳ 5 (ಬೆಲೆ-ಬೆಳೆ, ಹಲ್ಲಿ-ಹಳ್ಳಿ), ನ-ಣ ಮತ್ತು ಅಲ್ಪಪ್ರಾಣ-ಮಹಾಪ್ರಾಣ ಸೇರಿ 5. ಪ್ರತಿ ಸಲ ಬೇರೆ ಪಟ್ಟಿ, ಇಲ್ಲದಿದ್ದರೆ ನೆನಪಿನ ಪರೀಕ್ಷೆಯಾಗುತ್ತದೆ.

ನೀವೇ ಒಮ್ಮೆ ಎಲ್ಲ ಪದಗಳನ್ನು 'ಈಗ ಬಾಲ ಬರಿ', 'ಈಗ ಬಳೆ ಬರಿ' ಎಂಬ ಒಂದೇ ವಾಕ್ಯದೊಳಗಿಟ್ಟು ಫೋನಿನಲ್ಲಿ ಧ್ವನಿಮುದ್ರಿಸಿ. ದಿನಕ್ಕೊಂದು ದನಿಯಲ್ಲಿ ಓದಿದರೆ ಹೋಲಿಕೆ ಹೋಯಿತು. ಇನ್ನೊಂದು ಫೋನಿನಲ್ಲಿ ಸಂತೆಯ ಗದ್ದಲ ಮುದ್ರಿಸಿಕೊಳ್ಳಿ. ಮಗು ಕೂರುವ ಜಾಗ, ಎರಡೂ ಫೋನಿನ ಜಾಗ ಸುಣ್ಣದಲ್ಲಿ ಗುರುತು ಮಾಡಿ, ವಾಲ್ಯೂಮ್ ಎಷ್ಟು ಗೆರೆ ಎಂದು ಬರೆದಿಡಿ. ಗದ್ದಲವಿಲ್ಲದೆ ಹತ್ತು ಪದ, ಗದ್ದಲದೊಂದಿಗೆ ಹತ್ತು ಪದ, ಒಮ್ಮೆಗೆ ಒಂದೇ ಮಗು. ಬರೆಯಲು ತಡವಾಗುವ ಮಗುವಿಗೆ ಎರಡು ಚಿತ್ರ ಇಟ್ಟು ಒಂದನ್ನು ಮುಟ್ಟಲು ಹೇಳಿ, ಆಗ ಅಕ್ಷರದ ತೊಂದರೆ ಕಿವಿಯ ಲೆಕ್ಕಕ್ಕೆ ಸೇರುವುದಿಲ್ಲ.

ಎರಡು ಚಿತ್ರದಲ್ಲಿ ಒಂದು ಮುಟ್ಟುವಾಗ ಏನೂ ಕೇಳದಿದ್ದರೂ ಹತ್ತಕ್ಕೆ ಐದು ಸರಿ ಬರುತ್ತವೆ, ಆದ್ದರಿಂದ ಐದನ್ನೇ ಸೊನ್ನೆ ಎಂದು ತಿಳಿಯಿರಿ. ಮಕ್ಕಳು ಒಂಬತ್ತು ತಿಂಗಳಲ್ಲಿ ಸಂಗೀತವಿಲ್ಲದೆಯೂ ಬೆಳೆಯುತ್ತಾರೆ. ಪಕ್ಕದ ಶಾಲೆಯ 4ನೇ ತರಗತಿಗೂ ಇದೇ ಪಟ್ಟಿ, ಇದೇ ಫೋನ್ ಬಳಸಿ ಅಳೆದರೆ ಮಾತ್ರ ಸಂಗೀತದ ಪಾಲು ಎಷ್ಟೆಂದು ತಿಳಿಯುತ್ತದೆ. ದೀರ್ಘ ಮತ್ತು ಒತ್ತಿನ ಹತ್ತು ಪದ ಸುಧಾರಿಸಿ ಲ-ಳ ಹಾಗೇ ಉಳಿದರೆ ಗಾಬರಿ ಬೇಡ, ಖಾಲಿ_ಭರಿ ಅವರು ಹೇಳಿದ ಲಯದ ಕೆಲಸ ಫಲಿಸಿದೆ ಎಂದೇ ಅರ್ಥ. ಲ-ಳಕ್ಕೆ ಬೇರೆ ಅಭ್ಯಾಸ ಬೇಕು: ಕನ್ನಡಿ ಮುಂದೆ ನಾಲಿಗೆ ಎಲ್ಲಿ ತಾಗುತ್ತದೆ ಎಂದು ತೋರಿಸಿ, ಮೊದಲು ಹೇಳಿಸಿ, ಆಮೇಲೆ ಕೇಳಿಸಿ. ಗದ್ದಲವಿಲ್ಲದ ಹತ್ತರಲ್ಲೇ ಆರು-ಏಳಕ್ಕೆ ನಿಲ್ಲುವ ಮಗು ಕಂಡರೆ ಮಾರ್ಚ್‌ವರೆಗೆ ಕಾಯಬೇಡಿ, ಅದೇ ವಾರ ಕಿವಿ ನೋಡಿಸಿ.